ಕ್ರೂಸ್ ಹಡಗಿನಲ್ಲಿ ಕುಡಿಯೋದೆಲ್ಲ ಫ್ರೀನಾ? ಟಿಪ್ಸ್ ಕೊಡಲೇಬೇಕಾ? ಲೆಕ್ಕ ಇಲ್ಲಿದೆ

"ಒಂದು ಸಲ ಟಿಕೆಟ್ ದುಡ್ಡು ಕಟ್ಟಿದರೆ ಆಯ್ತು, ಹಡಗಿನಲ್ಲಿ ಊಟ, ಕುಡಿತ, ಮನರಂಜನೆ ಎಲ್ಲಾ ಫ್ರೀ!" ಅನ್ನುವ ವಿಡಿಯೋ ಒಂದು ಕಡೆ. "ಹುಷಾರ್! ಹಡಗಿನಲ್ಲಿ ಕುಡಿಯುವ ನೀರಿಗೂ ದುಡ್ಡು, ಇಳಿಯುವಾಗ ಸಾವಿರಾರು ರೂಪಾಯಿ ಟಿಪ್ಸ್ ಕಿತ್ಕೋತಾರೆ" ಅನ್ನುವ ಫಾರ್ವರ್ಡ್ ಇನ್ನೊಂದು ಕಡೆ. ಎರಡೂ ಒಂದೇ ಫ್ಯಾಮಿಲಿ ಗ್ರೂಪಿಗೆ ಬಂದು ಬಿದ್ದರೆ ಯಾವುದನ್ನು ನಂಬೋದು?

ಎರಡೂ ಪೂರ್ತಿ ನಿಜವಲ್ಲ, ಎರಡೂ ಪೂರ್ತಿ ಸುಳ್ಳೂ ಅಲ್ಲ. ನಿವೃತ್ತಿಯ ದುಡ್ಡಿನಲ್ಲಿ ಅಪ್ಪ ಅಮ್ಮನನ್ನು ಸಿಂಗಪುರದಿಂದಲೋ ಅಮೆರಿಕದಲ್ಲಿರುವ ಮಕ್ಕಳ ಊರಿನಿಂದಲೋ ಹಡಗು ಹತ್ತಿಸುವವರು ಈಗ ಹೆಚ್ಚಾಗಿದ್ದಾರೆ. ಲೆಕ್ಕ ಗೊತ್ತಿಲ್ಲದೆ ಹೋದರೆ ಕೊನೆಯ ದಿನದ ಬಿಲ್ ನೋಡಿ ಎದೆ ಧಸಕ್ಕೆನ್ನಬಹುದು. ಹಾಗಾಗಿ ಒಂದೊಂದೇ ಮಾತನ್ನು ಎತ್ತಿಕೊಂಡು ನೋಡೋಣ.

ಹೇಳಿಕೆ 1: ಟಿಕೆಟ್ ತಗೊಂಡರೆ ಎಲ್ಲಾ ಫ್ರೀ

ವಾಸ್ತವ: ಸಾಮಾನ್ಯವಾಗಿ ಟಿಕೆಟ್ಟಿನಲ್ಲಿ ಸೇರಿರುವುದು ರೂಮು, ಮುಖ್ಯ ಊಟದ ಹಾಲ್ ಮತ್ತು ಬಫೆಯ ಊಟ ತಿಂಡಿ, ಈಜುಕೊಳ ಹಾಗೂ ಹೆಚ್ಚಿನ ಪ್ರದರ್ಶನಗಳು. ರಾಯಲ್ ಕೆರಿಬಿಯನ್, ಕಾರ್ನಿವಲ್‌ನಂಥ ದೊಡ್ಡ ಅಮೆರಿಕನ್ ಕಂಪನಿಗಳಲ್ಲಿ ಮದ್ಯ, ಕೋಲಾದಂಥ ತಂಪು ಪಾನೀಯ, ಕೆಫೆಯ ಸ್ಪೆಷಲ್ ಕಾಫಿ, ರೂಮಿನಲ್ಲಿಟ್ಟಿರುವ ಬಾಟಲಿ ನೀರು, ವೈಫೈ, ದಡದ ಪ್ರವಾಸ ಇವಕ್ಕೆಲ್ಲ ಸಾಮಾನ್ಯವಾಗಿ ಬೇರೆ ದುಡ್ಡು.

ಎಲ್ಲ ಕಂಪನಿಯೂ ಹೀಗಿಲ್ಲ. ರೀಜೆಂಟ್, ಸೀಬೋರ್ನ್, ಸಿಲ್ವರ್‌ಸೀಯಂಥ ಐಷಾರಾಮಿ ಹಡಗುಗಳಲ್ಲಿ ಮದ್ಯವೂ ಟಿಪ್ಸೂ ಟಿಕೆಟ್ಟಿನಲ್ಲೇ ಸೇರಿರುತ್ತವೆ. ಆದರೆ ಟಿಕೆಟ್ ದರ ಕೂಡ ಅದಕ್ಕೆ ತಕ್ಕಂತೆ ಜಾಸ್ತಿ. ವೈಕಿಂಗ್ ಹಡಗುಗಳಲ್ಲಿ ಮಧ್ಯಾಹ್ನ ಮತ್ತು ರಾತ್ರಿ ಊಟದ ಜೊತೆ ವೈನ್, ಬಿಯರ್ ಸೇರಿದೆ. "ನಮ್ಮ ಭಾವ ಹೋಗಿದ್ದಾಗ ಎಲ್ಲಾ ಫ್ರೀ ಇತ್ತು" ಎಂದು ಯಾರಾದರೂ ಹೇಳಿದರೆ ಅವರು ಸುಳ್ಳು ಹೇಳುತ್ತಿಲ್ಲ, ಬೇರೆ ಹಡಗಿನ ಮಾತು ಹೇಳುತ್ತಿರಬಹುದು ಅಷ್ಟೆ.

ಹೇಳಿಕೆ 2: ಕುಡಿಯುವ ನೀರಿಗೂ ದುಡ್ಡು

ವಾಸ್ತವ: ಬಾಟಲಿ ನೀರಿಗೆ ಹೌದು, ನಲ್ಲಿ ನೀರಿಗೆ ಇಲ್ಲ. ಬಫೆಯಲ್ಲಿ ನೀರು, ಸಾದಾ ಕಾಫಿ, ಟೀ ಉಚಿತ. ನಿಂಬೆ ಪಾನಕ, ಐಸ್ ಟೀ ಕೂಡ ಎಷ್ಟೋ ಹಡಗುಗಳಲ್ಲಿ ಉಚಿತ.

"ಹಡಗಿನ ನಲ್ಲಿ ನೀರು ಸಮುದ್ರದ್ದಲ್ವಾ, ಕುಡಿಯಬಹುದಾ?" ಅನ್ನುವ ಅನುಮಾನ ಸಹಜ. ದೊಡ್ಡ ಹಡಗುಗಳು ಬಂದರಿನಲ್ಲಿ ನೀರು ತುಂಬಿಸಿಕೊಳ್ಳುತ್ತವೆ, ಜೊತೆಗೆ ಸಮುದ್ರದ ನೀರಿನಿಂದ ಉಪ್ಪು ತೆಗೆದು ತಾವೇ ನೀರು ತಯಾರಿಸುತ್ತವೆ. ಇದಕ್ಕೆ ಎರಡು ದಾರಿ. ಒಂದು, ನೀರನ್ನು ಆವಿ ಮಾಡಿ ಮತ್ತೆ ತಣಿಸುವುದು. ಇನ್ನೊಂದು, ನಮ್ಮ ಮನೆಯ ಆರ್‌ಓ ಯಂತ್ರದ ಹಾಗೆ ಒತ್ತಡ ಹಾಕಿ ಪೊರೆಯ ಮೂಲಕ ಹಾಯಿಸುವುದು. ಆಮೇಲೆ ಕ್ಲೋರಿನ್ ಬೆರೆಸಿ ಪರೀಕ್ಷೆ ಮಾಡುತ್ತಾರೆ. ಅಮೆರಿಕದ ಬಂದರಿಗೆ ಬರುವ ಹಡಗುಗಳ ನೀರು, ಅಡುಗೆಮನೆ, ಈಜುಕೊಳಗಳನ್ನು ಆ ದೇಶದ ಸಿಡಿಸಿ ಸಂಸ್ಥೆ ತಪಾಸಣೆ ಮಾಡಿ 100ಕ್ಕೆ ಅಂಕ ಕೊಡುತ್ತದೆ. 85 ಅಥವಾ ಅದಕ್ಕಿಂತ ಕಡಿಮೆ ಬಂದರೆ ಫೇಲ್. ಹಾಗಾಗಿ ಮನೆಯಿಂದ ಒಂದು ಖಾಲಿ ಬಾಟಲಿ ತಗೊಂಡು ಹೋಗಿ, ತುಂಬಿಸಿಕೊಂಡು ಕುಡಿಯಿರಿ.

ಹೇಳಿಕೆ 3: ಸಮುದ್ರದ ಮಧ್ಯೆ ಟ್ಯಾಕ್ಸ್ ಇಲ್ಲ, ಅದಕ್ಕೇ ಮದ್ಯ ಅಗ್ಗ

ವಾಸ್ತವ: ಸುಂಕ ಇಲ್ಲದೆ ಕೊಂಡ ಬಾಟಲಿಯನ್ನು ಯಾವ ದರಕ್ಕೆ ಮಾರಬೇಕು ಅನ್ನುವುದು ಹಡಗಿನವರಿಗೆ ಬಿಟ್ಟಿದ್ದು. ನಡುನೀರಿನಲ್ಲಿ ಪಕ್ಕದಲ್ಲಿ ಇನ್ನೊಂದು ಅಂಗಡಿ ಇರುವುದಿಲ್ಲವಲ್ಲ! ದರ ದೊಡ್ಡ ಹೋಟೆಲಿನ ಬಾರಿನ ಮಟ್ಟದಲ್ಲೇ ಇರುತ್ತದೆ. ಸ್ಪೇನ್‌ನಂಥ ಕೆಲವು ದೇಶಗಳ ಜಲಗಡಿಯೊಳಗೆ ಇದ್ದಾಗ ಅಲ್ಲಿನ ತೆರಿಗೆಯೂ ಬಿಲ್ಲಿಗೆ ಸೇರಬಹುದು.

ಇದರ ಮೇಲೆ ಅಮೆರಿಕನ್ ಕಂಪನಿಗಳು ಪ್ರತಿ ಪಾನೀಯಕ್ಕೆ ಸಾಮಾನ್ಯವಾಗಿ 18ರಿಂದ 20 ಶೇಕಡ ಟಿಪ್ಸನ್ನು ತಾವೇ ಸೇರಿಸುತ್ತವೆ. ಉದಾಹರಣೆಗೆ 13 ಡಾಲರಿನ ಕಾಕ್‌ಟೇಲ್ ತಗೊಳ್ಳಿ. 18 ಶೇಕಡ ಸೇರಿದರೆ 15.34 ಡಾಲರ್. ಡಾಲರಿಗೆ 88 ರೂಪಾಯಿ ಎಂದು ಹಿಡಿದರೆ ಒಂದು ಗ್ಲಾಸಿಗೆ ಸುಮಾರು 1,350 ರೂಪಾಯಿ.

ಇಲ್ಲಿ ಇನ್ನೊಂದು ಎಚ್ಚರಿಕೆ. ಸಹಿ ಹಾಕಲು ಕೊಡುವ ಚೀಟಿಯಲ್ಲಿ "ಹೆಚ್ಚುವರಿ ಟಿಪ್" ಎಂದು ಖಾಲಿ ಜಾಗ ಇರುತ್ತದೆ. ಮೇಲಿನ ಸಾಲಿನಲ್ಲಿ ಟಿಪ್ಸ್ ಆಗಲೇ ಸೇರಿರುವುದನ್ನು ಗಮನಿಸದೆ ಎಷ್ಟೋ ಜನ ಎರಡನೇ ಸಲ ಬರೆದುಬಿಡುತ್ತಾರೆ. ಇಷ್ಟವಿದ್ದರೆ ಬರೆಯಿರಿ, ಕಡ್ಡಾಯ ಅಲ್ಲ.

ಹೇಳಿಕೆ 4: ಡ್ರಿಂಕ್ಸ್ ಪ್ಯಾಕೇಜ್ ತಗೊಂಡರೆ ಲಾಭ, ಒಬ್ಬರು ತಗೊಂಡು ಇಬ್ಬರೂ ಕುಡಿಯಬಹುದು

ವಾಸ್ತವ: ಹಂಚಿಕೊಳ್ಳುವ ಹಾಗಿಲ್ಲ. ರಾಯಲ್ ಕೆರಿಬಿಯನ್, ಕಾರ್ನಿವಲ್ ಎರಡರಲ್ಲೂ ಒಂದು ರೂಮಿನಲ್ಲಿ ಒಬ್ಬ ವಯಸ್ಕರು ಮದ್ಯದ ಪ್ಯಾಕೇಜ್ ತಗೊಂಡರೆ ಅದೇ ರೂಮಿನ ಉಳಿದ ವಯಸ್ಕರೂ ತಗೊಳ್ಳಬೇಕು ಅನ್ನುವುದು ಸಾಮಾನ್ಯ ನಿಯಮ. ಕಾರ್ನಿವಲ್‌ನಲ್ಲಿ 24 ಗಂಟೆಗೆ 15 ಮದ್ಯದ ಪಾನೀಯ ಎಂಬ ಮಿತಿಯೂ ಇದೆ.

ಈಗ ಲೆಕ್ಕ ಹಾಕೋಣ. ಪ್ಯಾಕೇಜ್ ದಿನಕ್ಕೆ 70 ಡಾಲರ್ ಎಂದುಕೊಳ್ಳಿ (ಇದು ಹಡಗು, ದಿನಾಂಕಕ್ಕೆ ತಕ್ಕಂತೆ ಏರಿಳಿಯುತ್ತದೆ). ಅದಕ್ಕೂ 18 ಶೇಕಡ ಸೇರಿ 82.60 ಡಾಲರ್. ಏಳು ದಿನಕ್ಕೆ 578.20 ಡಾಲರ್. ಗಂಡ ಹೆಂಡತಿ ಇಬ್ಬರಿಗೆ 1,156.40 ಡಾಲರ್, ಅಂದರೆ ಒಂದು ಲಕ್ಷ ರೂಪಾಯಿಗೂ ಸ್ವಲ್ಪ ಮೇಲೆ!

ಹಾಕಿದ ದುಡ್ಡು ವಾಪಸ್ ಬರಬೇಕಾದರೆ ಮೇಲೆ ಹೇಳಿದ ದರದ ಕಾಕ್‌ಟೇಲನ್ನು ತಲಾ ಆರು ಕುಡಿಯಬೇಕು, ಅದೂ ಪ್ರತಿ ದಿನ. ಬೆಳಗ್ಗೆ ಇಳಿದು ಸಂಜೆವರೆಗೆ ಊರು ಸುತ್ತುವ ದಿನವೂ ಸೇರಿ. ಮದ್ಯ ಮುಟ್ಟದ ಅಮ್ಮನ ಜೊತೆ ರೂಮು ಹಂಚಿಕೊಂಡ ಅಪ್ಪ ಪ್ಯಾಕೇಜ್ ತಗೊಂಡರೆ ಅಮ್ಮನ ಪಾಲಿನ ದುಡ್ಡು ನೀರಿನಲ್ಲಿ ಹೋಮ ಮಾಡಿದ ಹಾಗೆ. ಇಂಥವರಿಗೆ ಆಗಾಗ ಒಂದೊಂದಕ್ಕೆ ದುಡ್ಡು ಕೊಡುವುದೇ ಮೇಲು. ಜ್ಯೂಸ್, ಕಾಫಿ ಹೆಚ್ಚು ಕುಡಿಯುವವರಿಗೆ ಮದ್ಯವಿಲ್ಲದ ಪ್ಯಾಕೇಜ್ ಬೇರೆ ಇರುತ್ತದೆ, ಅದಕ್ಕೂ ಇದೇ ರೀತಿ ಲೆಕ್ಕ ಹಾಕಿ ನೋಡಿ.

ದುಡ್ಡಿನ ಲೆಕ್ಕಕ್ಕಿಂತ ಆರೋಗ್ಯದ ಲೆಕ್ಕ ದೊಡ್ಡದು. "ದುಡ್ಡು ಕಟ್ಟಾಗಿದೆ, ವಸೂಲಿ ಮಾಡೋಣ" ಎಂಬ ಹಟಕ್ಕೆ ಬಿದ್ದು ದಿನಾ ಆರು ಗ್ಲಾಸ್ ಕುಡಿಯುವುದು ಯಾವ ವೈದ್ಯರೂ ಒಪ್ಪುವ ಮಾತಲ್ಲ. ಮದ್ಯದಲ್ಲಿ ಆರೋಗ್ಯಕ್ಕೆ ಸುರಕ್ಷಿತ ಎನ್ನಬಹುದಾದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ. ಸಮುದ್ರದ ವಾಂತಿ, ತಲೆಸುತ್ತಿಗೆಂದು ತಗೊಳ್ಳುವ ಎಷ್ಟೋ ಮಾತ್ರೆಗಳು ನಿದ್ದೆ ಬರಿಸುತ್ತವೆ. ಅದರ ಮೇಲೆ ಮದ್ಯ ಬಿದ್ದರೆ ಮಂಪರು ಇನ್ನೂ ಹೆಚ್ಚುತ್ತದೆ. ಓಲಾಡುವ ಹಡಗಿನ ಮೆಟ್ಟಿಲ ಮೇಲೆ ವಯಸ್ಸಾದವರಿಗೆ ಇದು ಅಪಾಯ. ಶುಗರ್, ಬಿಪಿ ಮಾತ್ರೆ ತಗೊಳ್ಳುವವರು ಹೊರಡುವ ಮೊದಲೇ ತಮ್ಮ ವೈದ್ಯರನ್ನು ಕೇಳಿಕೊಳ್ಳಬೇಕು.

ಹೇಳಿಕೆ 5: ದಿನದ ಟಿಪ್ಸ್ ಅನ್ನುವುದು ಮೋಸ, ಕೌಂಟರಿಗೆ ಹೋಗಿ ತೆಗೆಸಿ

ವಾಸ್ತವ: ಇದೇ ಅತಿ ಹೆಚ್ಚು ಗೊಂದಲ ಹುಟ್ಟಿಸುವ ವಿಷಯ. ಪಾನೀಯದ ಟಿಪ್ಸ್ ಬೇರೆ, ದಿನದ ಟಿಪ್ಸ್ ಬೇರೆ. ದಿನದ ಟಿಪ್ಸ್ ಅಮೆರಿಕನ್ ಕಂಪನಿಗಳಲ್ಲಿ ಸಾಮಾನ್ಯ ರೂಮಿಗೆ ಒಬ್ಬರಿಗೆ ದಿನಕ್ಕೆ 16ರಿಂದ 20 ಡಾಲರಿನ ಆಸುಪಾಸು. ಮಕ್ಕಳಿಗೂ ಲೆಕ್ಕ ಹಿಡಿಯುತ್ತಾರೆ. ತೀರಾ ಚಿಕ್ಕ ಮಕ್ಕಳಿಗೆ ಕೆಲವು ಕಡೆ ವಿನಾಯಿತಿ ಇದೆ, ಕಾರ್ನಿವಲ್‌ನಲ್ಲಿ ಎರಡು ವರ್ಷದೊಳಗಿನ ಮಗುವಿಗೆ ಇಲ್ಲ.

ದಿನಕ್ಕೆ 18 ಡಾಲರ್ ಎಂದರೆ ನಾಲ್ಕು ಜನರ ಕುಟುಂಬಕ್ಕೆ ಏಳು ದಿನಕ್ಕೆ 504 ಡಾಲರ್, ಸುಮಾರು 44,000 ರೂಪಾಯಿ. ಇದು ಜಾಹೀರಾತಿನ ದೊಡ್ಡಕ್ಷರದ ಟಿಕೆಟ್ ದರದಲ್ಲಿ ಕಾಣುವುದಿಲ್ಲ. ಹಾಗಾಗಿ ಜನರಿಗೆ ಸಿಟ್ಟು ಬರುವುದರಲ್ಲಿ ಅರ್ಥವಿದೆ.

ಆದರೆ ಈ ದುಡ್ಡು ಯಾರಿಗೆ ಹೋಗುತ್ತದೆ? ರೂಮು ಗುಡಿಸಿ ಹಾಸಿಗೆ ಸರಿಮಾಡುವವರಿಗೆ, ಊಟ ಬಡಿಸುವವರಿಗೆ, ಅವರ ಸಹಾಯಕರಿಗೆ, ಜೊತೆಗೆ ನಮ್ಮ ಕಣ್ಣಿಗೆ ಬೀಳದೆ ಕೆಲಸ ಮಾಡುವ ಇನ್ನೂ ಹಲವರಿಗೆ ಹಂಚಿಕೆಯಾಗುತ್ತದೆ ಎಂದು ಕಂಪನಿಗಳು ಹೇಳುತ್ತವೆ. ಹೆಚ್ಚಿನ ಹಡಗುಗಳು ಬಹಾಮಾಸ್, ಪನಾಮಾ, ಬರ್ಮುಡಾದಂಥ ದೇಶಗಳಲ್ಲಿ ನೋಂದಣಿಯಾಗಿರುತ್ತವೆ. ಅಮೆರಿಕದ ಕನಿಷ್ಠ ವೇತನ ಕಾನೂನು ವಿದೇಶಿ ಧ್ವಜದ ಹಡಗಿನ ನೌಕರರಿಗೆ ಅನ್ವಯಿಸುವುದಿಲ್ಲ. ಅವರಿಗೆ ಆಸರೆಯಾಗಿರುವುದು 2013ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಕಡಲ ಕಾರ್ಮಿಕ ಒಪ್ಪಂದ. ಅದರ ಪ್ರಕಾರ ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ ಕನಿಷ್ಠ 77 ಗಂಟೆ ವಿಶ್ರಾಂತಿ ಕೊಡಬೇಕು. ಅಂದರೆ ವಾರಕ್ಕೆ 70 ಗಂಟೆಗೂ ಮೀರಿ ದುಡಿಸಲು ಅವಕಾಶ ಇದೆ ಎಂದಾಯಿತು. ಇಂಥ ಕೆಲಸದಲ್ಲಿ ಟಿಪ್ಸ್ ಸಂಬಳದ ಮೇಲಿನ ಬಕ್ಷೀಸಲ್ಲ, ಗಳಿಕೆಯ ಮುಖ್ಯ ಭಾಗ. ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳ ಹುಡುಗರು ಇಂಥ ಹಡಗುಗಳಲ್ಲೇ ದುಡಿದು ಮನೆಗೆ ದುಡ್ಡು ಕಳಿಸುತ್ತಾರೆ.

ಹಾಗಾದರೆ ತೆಗೆಸಲು ಆಗುತ್ತದೆಯಾ? ಹಲವು ಕಂಪನಿಗಳಲ್ಲಿ ಇಳಿಯುವ ಮೊದಲು ಸೇವಾ ಕೌಂಟರಿಗೆ ಹೋಗಿ ಕಡಿಮೆ ಮಾಡಿಸಬಹುದು. ಸೇವೆ ನಿಜಕ್ಕೂ ಕೆಟ್ಟದಾಗಿದ್ದರೆ ದೂರು ಕೊಡಿ, ಅದು ನಿಮ್ಮ ಹಕ್ಕು. "ಕಂಪನಿಗೆ ಬುದ್ಧಿ ಕಲಿಸ್ತೀನಿ" ಎಂದು ತೆಗೆಸಿದರೆ ಮಾತ್ರ ಏಟು ಬೀಳುವುದು ಕಂಪನಿಗಲ್ಲ, ರೂಮು ಗುಡಿಸಿದವರಿಗೆ. "ಅದನ್ನು ತೆಗೆಸಿ ಅವರ ಕೈಗೇ ನಗದು ಕೊಡಿ" ಅನ್ನುವ ಸಲಹೆಯಲ್ಲೂ ತೊಡಕಿದೆ. ಅಡುಗೆಮನೆಯಲ್ಲಿ ಪಾತ್ರೆ ತೊಳೆದವರು ನಿಮ್ಮ ಕೈಗೆ ಸಿಗುವುದಿಲ್ಲ. ಹಾಗೆ ಬಂದ ನಗದನ್ನು ಸಿಬ್ಬಂದಿ ಸಾಮೂಹಿಕ ನಿಧಿಗೆ ಹಾಕಬೇಕು ಎಂಬ ನಿಯಮ ಕೆಲವು ಕಂಪನಿಗಳಲ್ಲಿ ಇದೆ.

ಕಂಪನಿಗಳು ಮನಸ್ಸು ಮಾಡಿದರೆ ಬೇರೆ ದಾರಿಯೂ ಇದೆ. ಬ್ರಿಟನ್ನಿನ ಪಿ ಆಂಡ್ ಓ ಕ್ರೂಸಸ್ 2019ರಲ್ಲಿ ದಿನದ ಸೇವಾ ಶುಲ್ಕವನ್ನು ತೆಗೆದು ಟಿಕೆಟ್ ದರದೊಳಗೇ ಸೇರಿಸಿತು. ಬೇಡಿಕೆ ಇಡುವುದಾದರೆ ನಾವು ಕಂಪನಿಗಳ ಮುಂದೆ ಇಡಬೇಕಾದ ಬೇಡಿಕೆ ಇದು: ಪೂರ್ತಿ ದರವನ್ನು ಮೊದಲೇ ಹೇಳಿ.

ಹೇಳಿಕೆ 6: ನಮ್ಮ ಕೋರ್ಟ್ ಸೇವಾ ಶುಲ್ಕ ಬೇಡ ಅಂದಿದೆ, ಅದನ್ನು ತೋರಿಸಿ

ವಾಸ್ತವ: ಹೋಟೆಲುಗಳು ಬಿಲ್ಲಿಗೆ ಸೇವಾ ಶುಲ್ಕವನ್ನು ತಾವಾಗಿ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ತಂದಿದ್ದು ನಿಜ. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದದ್ದೂ ನಿಜ. ಆದರೆ ಅದು ಭಾರತದ ಹೋಟೆಲು, ರೆಸ್ಟೋರೆಂಟುಗಳ ಮಾತು. ಮಯಾಮಿಯಿಂದಲೋ ಬಾರ್ಸಿಲೋನಾದಿಂದಲೋ ಹೊರಡುವ ವಿದೇಶಿ ಹಡಗಿನಲ್ಲಿ ನಡೆಯುವುದು ಆ ಹಡಗಿನ ಧ್ವಜದ ದೇಶದ ಕಾನೂನು ಮತ್ತು ನೀವು ಒಪ್ಪಿದ ಟಿಕೆಟ್ ಕರಾರು. ಮೊಬೈಲಿನಲ್ಲಿ ಆ ಸುದ್ದಿ ತೋರಿಸಿದರೆ ಕೆಲಸ ಆಗುವುದಿಲ್ಲ.

ದುಡ್ಡು ಹೇಗೆ ಕಟ್ಟುವುದು?

ಹಡಗಿನೊಳಗೆ ಬಾರಿನಲ್ಲಿ ನೋಟು ನಡೆಯುವುದಿಲ್ಲ. ಹತ್ತುವಾಗ ನಿಮಗೊಂದು ಕಾರ್ಡ್ ಕೊಡುತ್ತಾರೆ. ರೂಮಿನ ಬೀಗದ ಕೈಯೂ ಅದೇ, ಅಂಗಡಿಯ ಪರ್ಸೂ ಅದೇ. ರಾಯಲ್ ಕೆರಿಬಿಯನ್‌ನಲ್ಲಿ ಸೀಪಾಸ್ ಅನ್ನುತ್ತಾರೆ. ಪ್ರಿನ್ಸೆಸ್ ಹಡಗುಗಳಲ್ಲಿ ಕಾರ್ಡಿನ ಬದಲು ಮೆಡಾಲಿಯನ್ ಎಂಬ ಬಿಲ್ಲೆ. ಕುಡಿದದ್ದು, ಕೊಂಡದ್ದು, ಟಿಪ್ಸ್ ಎಲ್ಲವೂ ಆ ಖಾತೆಗೆ ಸೇರಿ, ಕೊನೆಗೆ ನಿಮ್ಮ ಕ್ರೆಡಿಟ್ ಕಾರ್ಡಿಗೆ ಹೋಗುತ್ತದೆ. ಕೈಯಿಂದ ನೋಟು ಹೋಗುವುದು ಕಾಣದ ಕಾರಣ ಖರ್ಚಿನ ಬಿಸಿ ತಟ್ಟುವುದಿಲ್ಲ, ಇದೇ ಅಪಾಯ.

ಹೊರಡುವ ಮುನ್ನ ಇಷ್ಟು ಮಾಡಿ:

• ಬುಕ್ ಮಾಡುವಾಗ ಏಜೆಂಟರನ್ನು ಎರಡೇ ಪ್ರಶ್ನೆ ಕೇಳಿ: "ದಿನದ ಟಿಪ್ಸ್ ಸೇರಿದೆಯಾ? ಯಾವ ಪಾನೀಯ ಸೇರಿದೆ?" ಉತ್ತರವನ್ನು ಬರಹದಲ್ಲಿ ತಗೊಳ್ಳಿ.

• ಡೆಬಿಟ್ ಕಾರ್ಡ್ ಬೇಡ. ಹಡಗಿನವರು ಮುಂಗಡವಾಗಿ ಒಂದಷ್ಟು ಮೊತ್ತವನ್ನು ತಡೆಹಿಡಿಯುತ್ತಾರೆ, ಆ ದುಡ್ಡು ನಿಮ್ಮ ಖಾತೆಯಲ್ಲೇ ಇದ್ದರೂ ಕೆಲವು ದಿನ ಬಳಸಲು ಸಿಗುವುದಿಲ್ಲ.

• ನಿಮ್ಮ ಬ್ಯಾಂಕ್ ವಿದೇಶಿ ಖರ್ಚಿಗೆ ಎಷ್ಟು ಶುಲ್ಕ ಹಾಕುತ್ತದೆ ನೋಡಿ. 3.5 ಶೇಕಡ ಇದ್ದರೆ, ಅದರ ಮೇಲೆ ಜಿಎಸ್‌ಟಿ ಸೇರಿ, ಸಾವಿರ ಡಾಲರ್ ಬಿಲ್ಲಿಗೆ 3,600 ರೂಪಾಯಿಗೂ ಹೆಚ್ಚು ಬೀಳುತ್ತದೆ.

• "ರೂಪಾಯಿಯಲ್ಲಿ ಕಟ್ಟುತ್ತೀರಾ?" ಎಂದು ಯಂತ್ರ ಕೇಳಿದರೆ ಬೇಡ ಎನ್ನಿ, ಹಡಗಿನ ಕರೆನ್ಸಿಯಲ್ಲೇ ಕಟ್ಟಿ. ರೂಪಾಯಿಗೆ ಬದಲಾಯಿಸುವ ದರ ಸಾಮಾನ್ಯವಾಗಿ ನಿಮಗೆ ನಷ್ಟದ್ದೇ.

• ಮಕ್ಕಳ ಕಾರ್ಡಿನಲ್ಲಿ ಖರೀದಿಗೆ ತಡೆ ಅಥವಾ ಮಿತಿ ಹಾಕಿಸಿ.

• ದಿನಾ ರಾತ್ರಿ ಹಡಗಿನ ಆಪ್‌ನಲ್ಲೋ ರೂಮಿನ ಟಿವಿಯಲ್ಲೋ ಬಿಲ್ ನೋಡಿ. ತಪ್ಪಿದ್ದರೆ ಇಳಿಯುವ ಮೊದಲೇ ಕೇಳಿ. ಕೊನೆಯ ಬೆಳಗ್ಗೆ ಕೌಂಟರಿನ ಮುಂದೆ ಉದ್ದ ಸಾಲಿರುತ್ತದೆ.

ಒಟ್ಟಿನಲ್ಲಿ

ಹಡಗಿನಲ್ಲಿ ಎಲ್ಲವೂ ಫ್ರೀ ಅಲ್ಲ, ಎಲ್ಲವೂ ಸುಲಿಗೆಯೂ ಅಲ್ಲ. ಟಿಕೆಟ್ ದರಕ್ಕೆ ದಿನದ ಟಿಪ್ಸನ್ನು ಮೊದಲೇ ಕೂಡಿಸಿ, ಪಾನೀಯಕ್ಕೊಂದು ಅಂದಾಜು ಸೇರಿಸಿ, ಬಂದ ಮೊತ್ತವೇ ನಿಜವಾದ ಟಿಕೆಟ್ ಎಂದುಕೊಳ್ಳಿ. ಅದು ನಿಮ್ಮ ಜೇಬಿಗೆ ಹೊಂದಿದರೆ ನೆಮ್ಮದಿಯಾಗಿ ಹೋಗಿ ಬನ್ನಿ. ಹೊಂದದಿದ್ದರೆ ಬುಕ್ ಮಾಡುವ ಮೊದಲೇ ಬಿಡುವುದು ಒಳ್ಳೆಯದು. ದುಡಿದವರ ಟಿಪ್ಸ್ ತೆಗೆಸಿ ಹೊಂದಿಸುವುದು ಬೇಡ. "ಎಲ್ಲಾ ಫ್ರೀ" ಎಂಬ ವಿಡಿಯೋ ನಿಮ್ಮ ಗ್ರೂಪಿಗೆ ಬಂದರೆ, ಅದರ ಕೆಳಗೆ ಈ ಲೆಕ್ಕವನ್ನೂ ಹಾಕಿಬಿಡಿ.