ನಾಟಿ ಕೋಳಿಗಳ ತಳಿ ವೈವಿಧ್ಯ: ರಕ್ತದ ಪ್ರೋಟೀನುಗಳು ನೀಡುವ ಸಾಕ್ಷ್ಯ

ಹಿತ್ತಲಿನ ನಾಟಿ ಕೋಳಿಗಳಲ್ಲಿ ಕೆಂಪು, ಕಪ್ಪು, ಬೂದು, ಚುಕ್ಕೆ ಎಂದು ಹಲವು ಬಣ್ಣಗಳಿರುತ್ತವೆ. ಆದರೆ ಒಂದೇ ಹುಂಜದ ಸಂತತಿಯಲ್ಲಿಯೂ ನಾಲ್ಕಾರು ಬಣ್ಣದ ಮರಿಗಳು ಹುಟ್ಟಬಹುದಾದ್ದರಿಂದ, ಪುಕ್ಕವನ್ನು ನೋಡಿ ಹಿಂಡಿನ ವೈವಿಧ್ಯವನ್ನು ಅಳೆಯಲಾಗದು. ತಳಿ ತಜ್ಞರು ರಕ್ತದತ್ತ ದೃಷ್ಟಿ ಹರಿಸಿದ್ದು ಇದೇ ಕಾರಣಕ್ಕೆ.

ಆಲಿವರ್ ಸ್ಮಿತೀಸ್ ಅವರು 1955ರಲ್ಲಿ, ಪಿಷ್ಟದ ಜೆಲ್‌ನಲ್ಲಿ ವಿದ್ಯುತ್ ಹರಿಸಿ ರಕ್ತಸಾರದ ಪ್ರೋಟೀನುಗಳನ್ನು ಬೇರ್ಪಡಿಸುವ ವಿಧಾನವನ್ನು ಪ್ರಕಟಿಸಿದರು. ಇದಕ್ಕೆ ಕೋಳಿಯ ರೆಕ್ಕೆಯ ರಕ್ತನಾಳದಿಂದ ತೆಗೆದ ಅಲ್ಪ ರಕ್ತ ಸಾಕು. ಅಲ್ಬುಮಿನ್, ಟ್ರಾನ್ಸ್‌ಫೆರಿನ್, ಎಸ್ಟರೇಸ್ ಮುಂತಾದವು ತಮ್ಮ ವಿದ್ಯುದಾವೇಶ ಮತ್ತು ಗಾತ್ರಕ್ಕೆ ಅನುಗುಣವಾಗಿ ಚಲಿಸಿ, ಬಣ್ಣ ಹಾಕಿದಾಗ ಪಟ್ಟಿಗಳಾಗಿ ಕಾಣಿಸುತ್ತವೆ. ಕೋಳಿಯ ಅಲ್ಬುಮಿನ್‌ನಲ್ಲಿ ವೇಗವಾಗಿ ಚಲಿಸುವ ಹಾಗೂ ನಿಧಾನವಾಗಿ ಚಲಿಸುವ ರೂಪಗಳಿವೆ. ತಂದೆಯಿಂದ ಒಂದು, ತಾಯಿಯಿಂದ ಮತ್ತೊಂದು ರೂಪ ಪಡೆದ ಹಕ್ಕಿಯಲ್ಲಿ ಎರಡೂ ಪಟ್ಟಿಗಳು ಮೂಡುತ್ತವೆ. ಒಂದು ಇನ್ನೊಂದನ್ನು ಮರೆಮಾಚುವುದಿಲ್ಲ.

ಉದಾಹರಣೆಗೆ, 100 ಕೋಳಿಗಳ ಹಿಂಡಿನಲ್ಲಿ ವೇಗದ ರೂಪದ ಪಾಲು 0.6, ನಿಧಾನ ರೂಪದ ಪಾಲು 0.4 ಎಂದಿರಲಿ. ಮುಕ್ತ ಸಂಕರವಿದ್ದಲ್ಲಿ ಸುಮಾರು 48 ಕೋಳಿಗಳಲ್ಲಿ ಎರಡೂ ಪಟ್ಟಿಗಳು ಕಾಣಬೇಕು. 30ರಲ್ಲಿ ಮಾತ್ರ ಕಂಡರೆ ರಕ್ತಸಂಬಂಧಿಗಳ ಕೂಡುವಿಕೆ ನಡೆದಿದೆ, ಇಲ್ಲವೇ ಎರಡು ಬೇರೆ ಹಿಂಡುಗಳನ್ನು ಒಂದೆಂದು ಎಣಿಸಲಾಗಿದೆ ಎಂಬ ಶಂಕೆ ಸಹಜ. ಒಂದೇ ಪ್ರೋಟೀನನ್ನು ನಂಬಿ ತೀರ್ಮಾನಿಸುವುದು ಮಾತ್ರ ಸಲ್ಲದು. ಅನೇಕ ಪ್ರೋಟೀನುಗಳಲ್ಲಿ ರೂಪಭೇದವೇ ಇರುವುದಿಲ್ಲವಾದ ಕಾರಣ ಈಗ ಡಿಎನ್‌ಎ ಪರೀಕ್ಷೆಗೆ ಆದ್ಯತೆಯಿದೆ. ಹಕ್ಕಿಗಳ ಕೆಂಪು ರಕ್ತಕಣಗಳಲ್ಲಿ, ಕುರಿ ಮೇಕೆಗಳಲ್ಲಿ ಇರದ ಕೋಶಕೇಂದ್ರ ಇರುವುದರಿಂದ ಅದಕ್ಕೂ ಒಂದು ಹನಿ ರಕ್ತವೇ ಸಾಕಾಗುತ್ತದೆ.

ಗ್ರಾಮಗಳಲ್ಲಿ ದೊಡ್ಡ ಹುಂಜಗಳು ಜಾತ್ರೆ, ಹಬ್ಬಗಳಿಗೆ ಮಾರಾಟವಾಗಿ ಹಿಂಡಿಗೊಂದೇ ಉಳಿಯುವುದು ಸಾಮಾನ್ಯ. ಒಂದು ಹುಂಜ, 9 ಹೇಟೆಗಳ ಹಿಂಡು ತಳಿ ಲೆಕ್ಕದಲ್ಲಿ 3.6 ಕೋಳಿಗಳಿಗೆ ಮಾತ್ರ ಸಮ. 2 ಹುಂಜ, 8 ಹೇಟೆಗಳಾದರೆ ಅದು 6.4ಕ್ಕೆ ಏರುತ್ತದೆ. ಹೀಗಾಗಿ ಎರಡನೆಯ ಹುಂಜವನ್ನು ಉಳಿಸಿಕೊಳ್ಳುವುದು, ಅದನ್ನು ಬೇರೆ ಊರಿನ ನಾಟಿ ಹಿಂಡಿನಿಂದ ತರುವುದು ಸೂಕ್ತ.

ಗಿರಿರಾಜ, ಸ್ವರ್ಣಧಾರದಂತಹ ಸುಧಾರಿತ ತಳಿಯ ಹುಂಜವನ್ನು ನಾಟಿ ಹಿಂಡಿಗೆ ಬಿಟ್ಟಾಗಲೂ ಎರಡು ಪಟ್ಟಿಯ ಮರಿಗಳು ಹೆಚ್ಚುತ್ತವೆ. ಅಂಕಿಯಲ್ಲಿ ಇದು ವೈವಿಧ್ಯವೆಂದು ತೋರಿದರೂ ಸ್ಥಳೀಯ ತಳಿ ಕರಗುತ್ತಿರುವ ಲಕ್ಷಣವಿದು. ಆಂಧ್ರಪ್ರದೇಶ ಮತ್ತು ಕರ್ನಾಟಕದ ನೋಂದಾಯಿತ ತಳಿಯಾದ ಘಾಗಸ್‌ಗೂ ಈ ಅಪಾಯ ತಪ್ಪಿದ್ದಲ್ಲ. ಆದ್ದರಿಂದ ಸುಧಾರಿತ ಮರಿಗಳನ್ನು ಪ್ರತ್ಯೇಕವಾಗಿ ಸಾಕುವುದು ಒಳಿತು. ಮಿಶ್ರಣದಿಂದ ಕಾವು ಕೂರುವ ಗುಣ ಕುಂದಿದಲ್ಲಿ, ಸಾಕಣೆದಾರರು ಪ್ರತಿ ವರ್ಷ ಮರಿಗಳಿಗಾಗಿ ಹೊರಗಿನ ಕೇಂದ್ರಗಳನ್ನೇ ಅವಲಂಬಿಸಬೇಕಾಗುತ್ತದೆ.