ಮೇಣದ ಕಾಗದದಲ್ಲಿ ಸಿಕ್ಕ ಹಂಪಿ

ಐವತ್ತು ರೂಪಾಯಿಯ ಹೊಸ ನೋಟು ತಿರುಗಿಸಿ ನೋಡಿ. ಹಂಪಿಯ ಕಲ್ಲಿನ ರಥವಿದೆ, ಮೇಲೆ ಗೋಪುರವಿಲ್ಲ. 1856ರ ಒಂದು ಫೋಟೋದಲ್ಲಿ ಅದೇ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರ ನಿಂತಿದೆ!

ಆ ಫೋಟೋ ತೆಗೆದವನು ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ. ಕ್ಯಾಮೆರಾ ಆಗಷ್ಟೇ ರಣರಂಗಕ್ಕೆ ಇಳಿದಿತ್ತು. 1855ರಲ್ಲಿ, ಕ್ರಿಮಿಯಾ ಯುದ್ಧದಲ್ಲಿ ರಷ್ಯಾದ ಸೆವಾಸ್ತೊಪೋಲ್ ಬಿದ್ದಾಗ, ಛಾಯಾಗ್ರಾಹಕರಾದ ರಾಬರ್ಟ್‌ಸನ್ ಮತ್ತು ಬಿಯಾಟೊ ಅಲ್ಲಿನ ಮಲಕಾಫ್ ಕೊತ್ತಲದ ಫೋಟೋ ತೆಗೆದಿದ್ದರು. ಗ್ರೀನ್‌ಲಾಗೆ ಸಿಕ್ಕಿದ್ದು 1565ರಲ್ಲೇ ಹಾಳಾದ ವಿಜಯನಗರದ ರಾಜಧಾನಿ. ಸುತ್ತಿನ ಮೇಲೆ ಸುತ್ತು ಕೋಟೆ ಕಟ್ಟಿಕೊಂಡ ಊರದು. ತಾಳೀಕೋಟೆ ಯುದ್ಧದ ಸೋಲು ಮಾತ್ರ ದೂರದ ಕೃಷ್ಣಾ ತೀರದಲ್ಲಿ ಆಗಿಹೋಗಿತ್ತು.

ಅವನು ಬಳಸಿದ್ದು ಕಾಗದದ ನೆಗೆಟಿವ್. ಕಾಗದಕ್ಕೆ ಮೇಣ ಕುಡಿಸಿ, ಬೆಳ್ಳಿಯ ಲವಣ ಹಿಡಿಸಿ ಒಣಗಿಸಿದರೆ ಮುಗಿಯಿತು. ಬಯಲಲ್ಲಿ ಗಾಜು ಹೊತ್ತು ತಿರುಗುವ ಪಾಡಿಲ್ಲ. ಆದರೆ ಚಿತ್ರ ಮೂಡಲು ನಿಮಿಷಗಟ್ಟಲೆ ಬೆಳಕು ಬೇಕು. ಅಷ್ಟರಲ್ಲಿ ಎದುರಿಗೆ ಹಾದುಹೋದವರ ಗುರುತೇ ಉಳಿಯುವುದಿಲ್ಲ. ಹಳೆಯ ಫೋಟೋಗಳಲ್ಲಿ ಊರುಗಳು ಬಿಕೋ ಎನ್ನುವುದಕ್ಕೆ ಇದೂ ಒಂದು ಕಾರಣ.

ಜನ ಮರೆತೇಬಿಟ್ಟಿದ್ದ ಆ ನೆಗೆಟಿವ್‌ಗಳು 1980ರಲ್ಲಿ ಮತ್ತೆ ಸಿಕ್ಕವು. ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ 1983ರಲ್ಲಿ ಹಂಪಿಗೆ ಬಂದು, ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ ಅದೇ ದೃಶ್ಯಗಳನ್ನು ತೆಗೆದರು. ನನ್ನ ಮಟ್ಟಿಗೆ ನಿಜವಾದ ಶೋಧ ಇದೇ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಯಾವ ಕಲ್ಲು ಬಿತ್ತು, ಯಾವುದನ್ನು ಕಿತ್ತರು, ಯಾವುದಕ್ಕೆ ಆನಿಕೆ ಕೊಟ್ಟರು ಎಂದು ಬೆರಳಿಟ್ಟು ತೋರಿಸಬಹುದು. ಕೋಟೆ ಫೋಟೋಗಳನ್ನು ಬರೀ ಹಳೆಯವೆಂಬ ಕಾರಣಕ್ಕೆ ಕೊಂಡು ಚೌಕಟ್ಟು ಹಾಕಿಸುವವರಿಗೆ ಈ ರುಚಿ ಹತ್ತುವುದಿಲ್ಲ.

ಹಂಪಿಗೆ ಹರಿಯುವ ತುಂಗಭದ್ರೆ ನಮ್ಮ ರಾಣೆಬೆನ್ನೂರು ತಾಲ್ಲೂಕನ್ನು ಸವರಿಕೊಂಡೇ ಹೋಗುತ್ತದೆ. ಹಾವೇರಿ ಜಿಲ್ಲೆಗೂ ಕೋಟೆಗಳಿಗೇನು ಬರವಿಲ್ಲ. ಬಂಕಾಪುರದ ಕೋಟೆಯೊಳಗೆ ಅರವತ್ತು ಕಂಬದ ನಗರೇಶ್ವರ ಗುಡಿ, ಅದರ ಜೊತೆಗೆ ಈಗ ನವಿಲುಧಾಮ, ಖಿಲಾರಿ ದನಗಳು. ರಟ್ಟೀಹಳ್ಳಿಯಲ್ಲೂ ಕೋಟೆಯಿದೆ; 1764ರಲ್ಲಿ ಪೇಶ್ವೆ ಮಾಧವರಾಯ ಹೈದರಾಲಿಯನ್ನು ಸೋಲಿಸಿದ್ದು ಆ ಊರ ಬಳಿ. ಈ ಗೋಡೆಗಳ ಹಳೆಯ ಚಿತ್ರ ಎಲ್ಲಾದರೂ ಇದ್ದರೆ ಅದು ಸೈನ್ಯದ ದಫ್ತರದಲ್ಲೇ ಇರಬೇಕೆಂದೇನೂ ಇಲ್ಲ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ಮುಚ್ಚಿಹೋದ ಸ್ಟುಡಿಯೋಗಳ ನೆಗೆಟಿವ್, ಶಾಲೆಯ ಪ್ರವಾಸದ ಗುಂಪು ಫೋಟೋ, ಮಿಲಿಟರಿಯಿಂದ ರಜೆಗೆ ಬಂದ ಅಣ್ಣ ತೆಗೆಸಿಕೊಂಡ ಪಟ, ಎಲ್ಲದರಲ್ಲೂ ಬೆನ್ನ ಹಿಂದಿನ ಗೋಡೆ ನೋಡಿ. ಫೋಟೋದ ಹಿಂಬದಿಗೆ ಮೆತ್ತನೆಯ ಪೆನ್ಸಿಲಿನಲ್ಲಿ ಊರು, ವರ್ಷ ಬರೆದಿಡಿ. ದಯವಿಟ್ಟು ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ.