ಹಳಿಯಾಳದಿಂದ ಹೊರಟ ಕಾದಂಬರಿಕಾರ

ಭಾರತ ಹುಣ್ಣಿಮೆ ಹತ್ತಿರ ಬಂದರೆ ಸಾಕು, ಧಾರವಾಡ, ಬೆಳಗಾವಿ ಸೀಮೆಯ ರೈತರು ಚಕ್ಕಡಿ ಹೂಡುತ್ತಾರೆ. ಅವರ ಪಯಣ ಜೋಯಿಡಾ ತಾಲ್ಲೂಕಿನ ಕಾಡಿನೊಳಗಿರುವ ಉಳವಿಗೆ. ಕಲ್ಯಾಣದಿಂದ ಹೊರಟ ಚೆನ್ನಬಸವಣ್ಣನವರು ಇಲ್ಲಿ ಐಕ್ಯರಾದರೆಂಬುದು ಭಕ್ತರ ನಂಬಿಕೆ. ಜನ ಹೀಗೆ ಹುಡುಕಿಕೊಂಡು ಬರುವ ಈ ಸೀಮೆಯಿಂದ ಹೊರಕ್ಕೆ ನಡೆದು, ಹೊರಡುವುದನ್ನೇ ತನ್ನ ಬರವಣಿಗೆಯ ವಸ್ತುವಾಗಿಸಿಕೊಂಡ ಲೇಖಕರೊಬ್ಬರಿದ್ದಾರೆ. ಅವರೇ ನೆರೆಯ ಹಳಿಯಾಳದಲ್ಲಿ 1929ರಲ್ಲಿ ಹುಟ್ಟಿದ ಶಾಂತಿನಾಥ ದೇಸಾಯಿ.

ಆಗ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಓದಿದ ತರುಣರಿಗೆ ಧಾರವಾಡ ಮೊದಲ ಮೆಟ್ಟಿಲಾದರೆ ಮುಂಬಯಿ ಎರಡನೆಯದು. ದೇಸಾಯಿಯವರು ಇಂಗ್ಲಿಷ್ ಸಾಹಿತ್ಯ ಓದಿ, ಇಂಗ್ಲೆಂಡಿನ ಲೀಡ್ಸ್‌ನಲ್ಲೂ ವ್ಯಾಸಂಗ ಮಾಡಿದರು. ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾದರು. ಮುಂದೆ ಕುವೆಂಪು ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು. ಆದರೆ ಕಲಿಸಿದ್ದು ಇಂಗ್ಲಿಷಾದರೂ ಕತೆ, ಕಾದಂಬರಿ ಬರೆದದ್ದು ಕನ್ನಡದಲ್ಲೇ.

1961ರಲ್ಲಿ ಬಂದ ‘ಮುಕ್ತಿ’ಯನ್ನು ಕನ್ನಡದ ಮೊದಲ ನವ್ಯ ಕಾದಂಬರಿ ಎಂದು ಗುರುತಿಸುವುದುಂಟು. ಅನಂತಮೂರ್ತಿಯವರ ‘ಸಂಸ್ಕಾರ’ ಬಂದದ್ದು ಅದಾಗಿ ನಾಲ್ಕು ವರ್ಷದ ಮೇಲೆ, 1965ರಲ್ಲಿ. ಅದುವರೆಗೆ ಕಾದಂಬರಿಯೆಂದರೆ ಹೆಚ್ಚಾಗಿ ಮನೆತನದ ಕತೆ, ಸಮಾಜದ ಕತೆ. ‘ಮುಕ್ತಿ’ ಒಬ್ಬ ವ್ಯಕ್ತಿಯ ಮನಸ್ಸಿನೊಳಗೆ ಹೊಕ್ಕಿತು. ಅದರ ನಾಯಕ ಗೌರೀಶನಿಗೆ ಸ್ನೇಹವೂ ಪ್ರೀತಿಯೂ ತನ್ನನ್ನು ಕಟ್ಟಿಹಾಕುವ ಹಗ್ಗಗಳಾಗಿ ತೋರುತ್ತವೆ. ಅವನ್ನೆಲ್ಲ ಕಡಿದುಕೊಂಡರೆ ಉಳಿಯುವ ‘ನಾನು’ ಯಾರು ಎಂಬುದೇ ಅವನ ಪ್ರಶ್ನೆ.

ಹೊರಡುವ ಈ ತವಕ ಅವರ ಬೇರೆ ಕೃತಿಗಳಲ್ಲೂ ಇದೆ. ‘ಕ್ಷಿತಿಜ’ ಕತೆಯ ಯುವತಿ ಹಡಗು ಹತ್ತಿ ಇಂಗ್ಲೆಂಡಿಗೆ ಹೊರಡುತ್ತಾಳೆ. ಮನೆಯ ಕಟ್ಟುಪಾಡುಗಳು ನಡುಗಡಲಿನಲ್ಲೂ ಅವಳನ್ನು ಬಿಡುವುದಿಲ್ಲ. 1971ರ ‘ವಿಕ್ಷೇಪ’ದಲ್ಲಿ ಹಳ್ಳಿಯ ಹುಡುಗನಿಗೆ ಇಂಗ್ಲಿಷ್ ಓದೇ ಪಾರಾಗುವ ದಾರಿಯಾಗಿ ಕಾಣುತ್ತದೆ.

ನವ್ಯ ಸಾಹಿತ್ಯದ ಮೇಲೆ ಆಗಾಗ ಕೇಳಿಬಂದ ಆಕ್ಷೇಪವೊಂದಿದೆ: ಇದು ಪಶ್ಚಿಮದಿಂದ ತಂದ ಎರವಲು ಸರಕು, ಇಂಗ್ಲಿಷ್ ಮೇಷ್ಟ್ರುಗಳ ತಳಮಳ ಎಂದು. ದೇಸಾಯಿಯವರ ವಿಷಯದಲ್ಲಿ ಈ ಮಾತು ಪೂರ್ತಿ ಸಲ್ಲದು. ಊರು ಬಿಟ್ಟು ಓದಲು ಹೋದ ಉತ್ತರ ಕರ್ನಾಟಕದ ಒಂದು ತಲೆಮಾರಿನ ಅನುಭವ ಅದು. ಇಂಗ್ಲಿಷ್ ಅದನ್ನು ನೋಡುವ ಕಣ್ಣನ್ನಷ್ಟೇ ಕೊಟ್ಟಿತು. ಕನ್ನಡವನ್ನು ಇಂಗ್ಲಿಷಿಗೆ ಒಯ್ಯುವ ಕೆಲಸವನ್ನೂ ಅವರು ಮಾಡಿದರು. ಅನಂತಮೂರ್ತಿಯವರ ‘ಅವಸ್ಥೆ’ಯನ್ನು ಇಂಗ್ಲಿಷಿಗೆ ಅನುವಾದಿಸಿದವರು ಅವರೇ.

ಕೊನೆಯ ಕಾದಂಬರಿ ‘ಓಂ ಣಮೋ’ದಲ್ಲಿ ಪಯಣದ ದಿಕ್ಕು ತಿರುಗುತ್ತದೆ. ಇಲ್ಲಿ ಇಂಗ್ಲೆಂಡಿನವರೇ ಕರ್ನಾಟಕದ ಜೈನರ ಬದುಕನ್ನು ಅರಿಯಲು ಬರುತ್ತಾರೆ. ಜೈನ ಮನೆತನದಲ್ಲಿ ಹುಟ್ಟಿದ ಲೇಖಕರು ತಾವು ಬೆಳೆದ ಪರಂಪರೆಯನ್ನು ಹೊರಗಿನವರ ಕಣ್ಣಿನಿಂದ ಮತ್ತೆ ನೋಡಿದರು. ಅದನ್ನು ಕೊಂಡಾಡಲೂ ಇಲ್ಲ, ತಳ್ಳಿಹಾಕಲೂ ಇಲ್ಲ.

1998ರ ಮಾರ್ಚ್‌ನಲ್ಲಿ ದೇಸಾಯಿಯವರು ತೀರಿಕೊಂಡರು. ‘ಓಂ ಣಮೋ’ಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 2000ದಲ್ಲಿ. ಬಿಡುಗಡೆಗಾಗಿ ಎಲ್ಲ ನಂಟು ಕಡಿದುಕೊಳ್ಳಬೇಕೆ ಎಂದು ‘ಮುಕ್ತಿ’ ಕೇಳಿತ್ತು. ಬಿಟ್ಟು ಬಂದದ್ದನ್ನು ತಿಳಿದುಕೊಳ್ಳದೆ ಬಿಡುಗಡೆಯಿಲ್ಲ ಎಂಬಲ್ಲಿಗೆ ಅವರ ಬರವಣಿಗೆ ಬಂದು ತಲುಪಿತು. ಹಳಿಯಾಳ, ದಾಂಡೇಲಿ, ಜೋಯಿಡಾಗಳಿಂದ ಓದಿಗೆ, ನೌಕರಿಗೆ ಹೊರಟು ನಿಲ್ಲುವ ಇಂದಿನ ಹುಡುಗ ಹುಡುಗಿಯರಿಗೂ ಇದು ಹಳೆಯ ಪ್ರಶ್ನೆಯೇನಲ್ಲ.